ಹಿತ್ತಲ ಭಂಗಿ, ಹೊಲದ ಪುಂಡಿ

ಅರಸರ ಚರಿತ್ರೆಗೆ ಶಾಸನಗಳ ಆಧಾರವುಂಟು. ಬಾದಾಮಿಯ ಬಂಡೆಯ ಮೇಲೆ ಕ್ರಿ. ಶ. ೫೪೩ರಲ್ಲಿ ಮೊದಲನೆಯ ಪುಲಕೇಶಿಯು ಕೊರೆಯಿಸಿದ ಬರಹವನ್ನು ಇಂದಿಗೂ ಓದಬಹುದು. ಆದರೆ ಅದೇ ಬಂಡೆಯ ಕೆಳಗೆ ಹಿತ್ತಲಲ್ಲಿ ಮಡಿ ಮಾಡಿ, ಮಣ್ಣನ್ನು ಹದಗೊಳಿಸಿ, ಬೀಜ ಹಾಕಿದವನು ತನ್ನ ಹೆಸರನ್ನು ಎಲ್ಲಿಯೂ ಬರೆಯಿಸಲಿಲ್ಲ. ಆದುದರಿಂದ ಗಿಡಗಳ ಚರಿತ್ರೆಯನ್ನು ತಿಳಿಯಬೇಕಾದರೆ ಪ್ರವಾಸಿಗಳ ಬರವಣಿಗೆ, ಸರಕಾರದ ವರದಿ, ಕಾಯದೆಯ ಕಲಮು, ಒಕ್ಕಲಿಗರ ರೂಢಿ, ಅಡಿಗೆಮನೆಯ ಮಾತು ಇವುಗಳನ್ನೆಲ್ಲ ಕೂಡಿಸಿ ನೋಡಬೇಕಾಗುವದು. ಭಂಗಿಯ ಗಿಡದ ವಿಷಯದಲ್ಲಂತೂ ಈ ಮಾತು ಹೆಚ್ಚು ನಿಜವಾದುದು. ಅದನ್ನು ಒಬ್ಬರು ಔಷಧಿಯೆಂದರು, ಒಬ್ಬರು ಪ್ರಸಾದವೆಂದರು, ಒಬ್ಬರು ವಿಷವೆಂದರು. ದೂರದ ದೇಶದವರು ಹಡಗಿನ ಹಗ್ಗವೆಂದರು.

ಈಗ ಪಟ್ಟಣಗಳ ಸುಶಿಕ್ಷಿತ ಮನೆಗಳ ತರುಣರಲ್ಲಿ ಕೆಲವರು ಈ ಗಿಡವನ್ನು ಕೋಣೆಯೊಳಗಿನ ಕುಂಡದಲ್ಲಿ ಬೆಳೆಯುವದನ್ನು ಒಂದು ಹವ್ಯಾಸವೆಂದೆಣಿಸಿ, ಎಂಥ ಮಣ್ಣು ಬೇಕು, ಎಷ್ಟು ನೀರು ಸಾಕು ಎಂದು ವಿಚಾರಿಸುತ್ತಿರುವರು. ಅವರ ಹಿರಿಯರು ಅದರ ಹೆಸರನ್ನೆತ್ತುವದೇ ಅಮಂಗಲವೆಂದು ಸುಮ್ಮನಾಗುವರು. ಮಗನಿಗೆ ಗಿಡದ ಪೂರ್ವಕಥೆ ತಿಳಿಯದು. ತಂದೆಗೆ ತಿಳಿದಷ್ಟನ್ನು ಹೇಳಲು ಸಂಕೋಚ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲುಗಳ ನೆಲವನ್ನು ಮುಂದಿಟ್ಟುಕೊಂಡು ಈ ಕಥೆಯನ್ನು ನೋಡಿದರೆ ಇಬ್ಬರಿಗೂ ಉಪಯೋಗವಾದೀತು. ಏಕೆಂದರೆ ಈ ನೆಲದಲ್ಲಿ ಭಂಗಿಗೆ ಸಮೀಪದ ಹೆಸರುಳ್ಳ ಬೇರೆ ಎರಡು ಗಿಡಗಳಿರುವವು. ಮನೆತನಗಳು ತಲೆತಲಾಂತರದಿಂದ ತಮ್ಮ ಶ್ರಮವನ್ನು ಅವುಗಳ ಮೇಲೆಯೇ ಸುರಿದಿರುವವು.

ಒಂದು ಹೆಸರು, ಮೂರು ಗಿಡ

ಇಂಗ್ಲಿಷರು ‘ಹೆಂಪ್’ ಎಂಬ ಒಂದೇ ಶಬ್ದದಿಂದ ಕರೆದ ಗಿಡಗಳು ಕನ್ನಡದಲ್ಲಿ ಮೂರು. ಮೊದಲನೆಯದು ಭಂಗಿ. ಸ್ವೀಡನ್ ದೇಶದ ಲಿನ್ನೇಯಸನು ೧೭೫೩ರಲ್ಲಿ ಇದಕ್ಕೆ ‘ಕ್ಯಾನಬಿಸ್ ಸಟೈವಾ’ ಎಂದು ಹೆಸರಿಟ್ಟನು. ಫ್ರಾನ್ಸಿನ ಲಾಮಾರ್ಕನು ಹಿಂದುಸ್ತಾನದಿಂದ ಬಂದ ಗಿಡವನ್ನು ನೋಡಿ ೧೭೮೫ರಲ್ಲಿ ‘ಕ್ಯಾನಬಿಸ್ ಇಂಡಿಕಾ’ ಎಂದು ಬೇರೆ ಹೆಸರನ್ನು ಕೊಟ್ಟನು. ಇದರ ಎಲೆಗೆ ಭಂಗಿಯೆಂತಲೂ, ಹೆಣ್ಣು ಗಿಡದ ಹೂವಿನ ತೆನೆಗೆ ಗಾಂಜೆಯೆಂತಲೂ, ಅಂಟಾದ ರಾಳಕ್ಕೆ ಚರಸವೆಂತಲೂ ಹೆಸರು. ಸಂಸ್ಕೃತದಲ್ಲಿ ಇದು ಭಂಗಾ, ವಿಜಯಾ; ಭಂಗವೆಂಬ ಹೆಸರು ಅಥರ್ವವೇದದಷ್ಟು ಹಳೆಯದು.

ಎರಡನೆಯದು ಸೆಣಬು. ಇದು ಹಳದಿ ಹೂವಿನ, ಕಾಯಿ ಬಿಡುವ ದ್ವಿದಳ ಜಾತಿಯ ಗಿಡ. ಭಂಗಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಾರು ಕೊಡುವದೊಂದೇ ಸಾಮ್ಯ. ಮೂರನೆಯದು ಪುಂಡಿ. ಲಿನ್ನೇಯಸನು ೧೭೫೯ರಲ್ಲಿ ಇದನ್ನು ದಾಸವಾಳದ ಕುಲಕ್ಕೆ ಸೇರಿಸಿ, ಎಲೆಯ ಸೀಳುಗಳು ಭಂಗಿಯ ಎಲೆಯಂತೆ ಬೆರಳು ಬಿಚ್ಚಿದ್ದನ್ನು ಕಂಡು ‘ಹಿಬಿಸ್ಕಸ್ ಕ್ಯಾನಬಿನಸ್’, ಎಂದರೆ ಭಂಗಿಯಂತಹ ದಾಸವಾಳ, ಎಂದು ಹೆಸರಿಟ್ಟನು. ವ್ಯಾಪಾರಿಗಳು ಇದನ್ನು ‘ಡೆಕ್ಕನ್ ಹೆಂಪ್’ ಎಂದರು. ಕೆಂಪು ದಂಟಿನ ಇನ್ನೊಂದು ಹುಳಿಯ ಜಾತಿಗೂ ನಮ್ಮಲ್ಲಿ ಪುಂಡಿಯೆಂತಲೇ ಹೆಸರುಂಟು. ಅದು ಆಂಧ್ರದವರ ಗೋಂಗೂರ.

ಶಾಸ್ತ್ರಜ್ಞನ ಲ್ಯಾಟಿನ್ ಹೆಸರಿನಲ್ಲಿ ಪುಂಡಿಯು ಭಂಗಿಯ ನೆರಳಾಗಿದೆ. ಬಾಗಲಕೋಟೆಯ ಸೀಮೆಯಲ್ಲಿ ಮಾತ್ರ ಪುಂಡಿಯೇ ಮನೆಯ ಗಿಡ, ಭಂಗಿಯೇ ಹೊರಗಿನದು. ಇದು ಹೀಗೇಕಾಯಿತೆಂಬುದನ್ನು ತಿಳಿಯಲು ಮೊದಲು ಮಣ್ಣನ್ನು ನೋಡಬೇಕು.

ನಾಲ್ಕು ಊರುಗಳ ಮಣ್ಣು

ಈ ನಾಲ್ಕು ಊರುಗಳು ಒಂದೇ ಜಿಲ್ಹೆಯಲ್ಲಿದ್ದರೂ ಅವುಗಳ ಕಲ್ಲು ಬೇರೆ ಬೇರೆ. ಬಾದಾಮಿಯದು ಕೆಂಪು ಮರಳುಗಲ್ಲು. ಬಾಗಲಕೋಟೆಯ ಸುತ್ತಲೂ ಸುಣ್ಣದ ಕಲ್ಲಿನ ಪದರುಗಳಿರುವವು. ಇಲಕಲ್ಲಿನದು ನುಣುಪು ಕೊಟ್ಟರೆ ಹೊಳೆಯುವ ಕೆಂಪು ಕಣಶಿಲೆ. ಹುನಗುಂದದ ಕಡೆಗೆ ನಡೆದರೆ ಎರೆಯ ಭೂಮಿ. ಮಳೆಯು ಎಲ್ಲ ಕಡೆಗೂ ಕಡಿಮೆಯೇ. ವರುಷಕ್ಕೆ ೬೦೦ ಮಿಲಿಮೀಟರಿನ ಒಳಗೆ, ಅದೂ ನಂಬಿಗೆಯಿಲ್ಲದ್ದು.

ಎರೆಯ ಮಣ್ಣು ಅತಿ ಸಣ್ಣ ಕಣಗಳದು. ನೀರು ಬಿದ್ದರೆ ಉಬ್ಬಿ ಅಂಟಾಗುವದು. ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುವದು. ಒಮ್ಮೆ ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ಹಿಡಿದಿಡುವದು. ಆದುದರಿಂದಲೇ ಹುನಗುಂದದ ಒಕ್ಕಲಿಗನು ಮುಂಗಾರಿನಲ್ಲಿ ಎರೆಯ ಹೊಲವನ್ನು ಬಿತ್ತದೆ, ಮತ್ತೆ ಮತ್ತೆ ಹರಗಿ, ಒಡ್ಡು ಕಟ್ಟಿ, ಬಿದ್ದ ಹನಿಯನ್ನೆಲ್ಲ ನೆಲಕ್ಕೆ ಕುಡಿಸುವನು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿಗಳು ಆ ಕೂಡಿಟ್ಟ ತೇವದ ಮೇಲೆಯೇ ಬೆಳೆಯುವವು. ಮಸಾರಿಯ ನೆಲದ ಸ್ವಭಾವವು ಇದಕ್ಕೆ ವಿರುದ್ಧವಾದುದು. ಅದು ಸಡಿಲಾದ ಮಣ್ಣು. ನೀರು ನಿಲ್ಲದೆ ಬಸಿದು ಹೋಗುವದು. ಬೇರಿಗೆ ಗಾಳಿ ಸಿಗುವದು. ಸಜ್ಜೆ, ಹೆಸರು, ತೊಗರಿಗಳ ಮುಂಗಾರಿ ಬೆಳೆ ಅಲ್ಲಿಯದು.

ಭಂಗಿಯು ನಿಂತ ನೀರನ್ನು ಸಹಿಸುವದಿಲ್ಲ. ಅದಕ್ಕೆ ಸಡಿಲಾದ, ಚೆನ್ನಾಗಿ ಬಸಿಯುವ, ಗೊಬ್ಬರದಿಂದ ಪುಷ್ಟವಾದ ಮಣ್ಣು ಬೇಕು. ಹಸಿ ಎರೆಯಲ್ಲಿ ಅದರ ಬೇರು ಉಸಿರುಗಟ್ಟುವದು; ಬರಿಯ ಮಸಾರಿಯಲ್ಲಿ ಬಾಯಾರುವದು. ಹಿಮಾಲಯದ ತಪ್ಪಲಲ್ಲಿ ಕಾಶ್ಮೀರದಿಂದ ಆಸಾಮದ ವರೆಗೆ ಅದು ತಾನಾಗಿಯೇ ಹುಟ್ಟಿ ಬೆಳೆಯುವದು. ದಕ್ಖಣದ ಬಯಲಿನಲ್ಲಿ ಹಾಗಿಲ್ಲ. ಇಲ್ಲಿ ಅದು ಬೆಳೆದದ್ದು ಮನುಷ್ಯನ ಕೈಯಿಂದ. ಬಾವಿಯ ನೀರು, ತಿಪ್ಪೆಯ ಗೊಬ್ಬರ, ಬೇಲಿಯ ಕಾವಲು ಇವು ಮೂರೂ ಸಿಗುವ ಜಾಗದಲ್ಲಿ. ಅಂಥ ಜಾಗವು ಎಲ್ಲ ಹೊಲಗಳಲ್ಲಿ ಇರುವದಿಲ್ಲ. ಹೊಲದ ಬೆಳೆಯಾಗದೆ ಭಂಗಿಯು ದಕ್ಖಣದಲ್ಲಿ ಹೆಚ್ಚಾಗಿ ಹಿತ್ತಲಿನ, ತೋಟದ ಗಿಡವಾಗಿ ಉಳಿದುದಕ್ಕೆ ಮಣ್ಣೂ ಒಂದು ಕಾರಣವು.

ಪ್ರವಾಸಿಗಳೂ ಹಡಗಿನವರೂ ಕಂಡದ್ದು

ದಕ್ಖಣದ ಭಂಗಿಯನ್ನು ಕಣ್ಣಾರೆ ಕಂಡು ವಿವರಿಸಿದ ಪಾಶ್ಚಾತ್ಯರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಜ ವೈದ್ಯನು ಮುಖ್ಯನು. ಅವನ ಗ್ರಂಥವು ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಆಗ ಬಾಗಲಕೋಟೆಯ ಸೀಮೆಯ ಬಹುಭಾಗವು ವಿಜಾಪುರದ ಆದಿಲಶಾಹಿಗೂ ವಿಜಯನಗರಕ್ಕೂ ನಡುವೆ ಕಾದಾಟದ ನೆಲವಾಗಿತ್ತು. ಗುಜರಾಥದ ಸುಲತಾನ ಬಹಾದೂರನು, ರಾತ್ರಿಯಲ್ಲಿ ಪೋರ್ತುಗಾಲ, ಬ್ರಾಝಿಲ, ತುರ್ಕಸ್ಥಾನಗಳಿಗೆ ಹೋಗಬೇಕೆನಿಸಿದಾಗ ತಾನು ಸ್ವಲ್ಪ ಭಂಗಿಯನ್ನು ತಿಂದರೆ ಸಾಕೆಂದು ವಿನೋದವಾಗಿ ಹೇಳುತ್ತಿದ್ದನಂತೆ. ಈ ಸಂಗತಿಯನ್ನು ಬರೆದಿಟ್ಟವನು ಓರ್ತನೇ.

ಚರಿತ್ರೆಗೆ ಹೆಚ್ಚು ಉಪಯುಕ್ತವಾದುದು ಅವನ ಇನ್ನೊಂದು ಮಾತು. ಯುರೋಪಿನಲ್ಲಿ ಹಗ್ಗ, ಬಟ್ಟೆಗಳಿಗಾಗಿ ಬೆಳೆಯುವ ನಾರಿನ ಗಿಡವೂ ಇಲ್ಲಿಯ ಭಂಗಿಯೂ ಒಂದೇ ಅಲ್ಲವೆಂದು ಅವನು ವಾದಿಸಿದನು. ಇಲ್ಲಿಯ ಗಿಡದ ಬೀಜ ಸಣ್ಣದು, ಕೊಂಬೆಗಳಲ್ಲಿ ಕಟ್ಟಿಗೆ ಹೆಚ್ಚು, ತೊಗಟೆ ಕಡಿಮೆ ಎಂಬುದು ಅವನ ಕಾರಣ. ಜಾತಿಯ ವಿಷಯದಲ್ಲಿ ಅವನು ತಪ್ಪಿದನು, ಆದರೆ ಅವನ ಕಣ್ಣು ತಪ್ಪಲಿಲ್ಲ. ಒಂದೇ ಗಿಡವನ್ನು ಒತ್ತಾಗಿ ಬಿತ್ತಿದರೆ ಕೊಂಬೆಯಿಲ್ಲದೆ ನೀಳವಾಗಿ ಏರಿ ನಾರು ಕೊಡುವದು. ಅಗಲಗಲವಾಗಿ ನಟ್ಟು ಗೊಬ್ಬರ ಹಾಕಿದರೆ ಕೊಂಬೆಯೊಡೆದು ಎಲೆ, ಹೂವುಗಳನ್ನು ಕೊಡುವದು. ಬಿತ್ತುವವನ ಉದ್ದೇಶವು ತಲೆಮಾರುಗಳ ಮೇಲೆ ಗಿಡದ ಮೈಯನ್ನೇ ಬದಲಿಸಿತ್ತು. ಹದಿನಾರನೆಯ ಶತಕದ ಹೊತ್ತಿಗೇ ಇಲ್ಲಿಯ ಭಂಗಿಯು ನಾರಿಗಾಗಿ ಬೆಳೆದ ಗಿಡವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವದು.

ಎರಡು ನೂರೈವತ್ತು ವರುಷಗಳ ಮೇಲೆ ಇದೇ ಪ್ರಶ್ನೆಯು ಇಂಗ್ಲಿಷ್ ಕಂಪನಿಗೆ ಎದುರಾಯಿತು. ಅವರ ಹಡಗುಗಳ ಹಗ್ಗ, ಹಾಯಿಗಳಿಗೆ ಬೇಕಾದ ನಾರು ರಶಿಯಾದಿಂದ ಬರುತ್ತಿತ್ತು. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಆ ದಾರಿಯು ಅಪಾಯಕ್ಕೊಳಗಾಗಲು, ಹಿಂದುಸ್ತಾನದಲ್ಲಿ ಅಂಥ ನಾರನ್ನು ಹುಡುಕುವ ಯತ್ನ ನಡೆಯಿತು. ಕಲಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾದ ವಿಲಿಯಂ ರಾಕ್ಸಬರ್ಗನು ಭಂಗಿ, ಸೆಣಬು, ಪುಂಡಿ ಮೊದಲಾದ ನಾರುಗಳನ್ನು ತೂಕ ಕಟ್ಟಿ ಪರೀಕ್ಷಿಸಿದನು. ರಾಬರ್ಟ್ ವಿಸೆಟ್ಟನು ೧೮೦೪ರಲ್ಲಿ ಈ ವಿಷಯದ ಗ್ರಂಥವನ್ನು ಪ್ರಕಟಿಸಿದನು. ಕ್ರೈಮಿಯಾ ಯುದ್ಧದಲ್ಲಿ ರಶಿಯಾದ ಸರಕು ಮತ್ತೆ ನಿಂತಾಗ, ೧೮೫೫ರಲ್ಲಿ, ಫೋರ್ಬ್ಸ್ ರಾಯಲನ ಹಿಂದುಸ್ತಾನದ ನಾರುಗಿಡಗಳ ಗ್ರಂಥವು ಹೊರಬಂದಿತು. ಬಯಲು ಸೀಮೆಯ ಒಕ್ಕಲಿಗರು ಭಂಗಿಯಿಂದ ನಾರು ತೆಗೆಯುವದಿಲ್ಲ. ಹಗ್ಗಕ್ಕೆ ಅವರಿಗೆ ಬೇರೆ ಗಿಡಗಳಿವೆ ಎಂಬುದೇ ಇವರಿಗೆಲ್ಲ ಕಂಡುಬಂದ ಸಂಗತಿ. ಸಾಮ್ರಾಜ್ಯದವರು ಹುಡುಕುತ್ತಿದ್ದ ಹಗ್ಗವು ಪುಂಡಿಯ ರೂಪದಲ್ಲಿ ಎತ್ತಿನ ಕೊರಳಲ್ಲಿ ಮೊದಲೇ ಇತ್ತು.

ಕಿಟಕಿಯ ಎರಡು ಕುಂಡಗಳು

ಭಂಗಿಯನ್ನು ಮನೆಯೊಳಗೆ ಕುಂಡದಲ್ಲಿ ಬೆಳೆಯುವದು ಈಚಿನವರ ಹೊಸ ಯೋಚನೆಯೆಂದು ತಿಳಿಯಬಾರದು. ಲಿನ್ನೇಯಸನೇ ಅದನ್ನು ಮಾಡಿದ್ದನು. ಸಸ್ಯಗಳಲ್ಲಿ ಗಂಡು ಹೆಣ್ಣುಗಳ ಭೇದ ಉಂಟೆಂಬುದನ್ನು ಆ ಕಾಲದಲ್ಲಿ ಹಲವರು ನಂಬುತ್ತಿರಲಿಲ್ಲ. ಅವನು ಎಪ್ರಿಲ್ ತಿಂಗಳಲ್ಲಿ ಎರಡು ಕುಂಡಗಳಲ್ಲಿ ಭಂಗಿಯ ಬೀಜಗಳನ್ನು ಬಿತ್ತಿದನು. ಒಂದೊಂದರಲ್ಲಿ ಮೂವತ್ತು ನಾಲ್ವತ್ತು ಸಸಿಗಳೆದ್ದವು. ಕುಂಡಗಳನ್ನು ಬೇರೆ ಬೇರೆ ಕೋಣೆಗಳ ಕಿಟಕಿಗಳಲ್ಲಿಟ್ಟನು. ಒಂದರಲ್ಲಿ ಗಂಡು ಹೆಣ್ಣು ಎರಡನ್ನೂ ಬಿಟ್ಟನು. ಇನ್ನೊಂದರಲ್ಲಿ ಗುರುತು ಸಿಕ್ಕ ಕೂಡಲೆ ಗಂಡುಗಳನ್ನೆಲ್ಲ ಕಿತ್ತು ಹಾಕಿದನು. ಮೊದಲನೆಯ ಕುಂಡದ ಹೆಣ್ಣು ಗಿಡಗಳು ಬೇಗನೆ ಹೂ ಬಾಡಿಸಿ ಕಾಳು ಕಟ್ಟಿದವು. ಎರಡನೆಯ ಕುಂಡದವು ಬಹುಕಾಲ ಹೂವಿನಲ್ಲಿಯೇ ನಿಂತು, ಕಾಯ್ದು ಕಾಯ್ದು ಕಡೆಗೆ ಬಾಡಿದವು, ಬೀಜವಾಗಲಿಲ್ಲ. ಈ ಪ್ರಯೋಗವನ್ನೊಳಗೊಂಡ ಪ್ರಬಂಧಕ್ಕೆ ೧೭೬೦ರಲ್ಲಿ ಸೇಂಟ್ ಪೀಟರ್ಸಬರ್ಗದ ವಿದ್ವತ್ಸಭೆಯ ಬಹುಮಾನ ದೊರೆಯಿತು.

ಲಿನ್ನೇಯಸನು ಸೃಷ್ಟಿಯ ನಿಯಮವನ್ನು ಅರಿಯಲಿಕ್ಕೆ ಮಾಡಿದ ಈ ಕೆಲಸವನ್ನು ವಂಗದೇಶದ ಒಕ್ಕಲಿಗರು ಹೊಟ್ಟೆಪಾಡಿಗಾಗಿ ಮಾಡುತ್ತಿದ್ದರು. ರಾಜಶಾಹಿ ಜಿಲ್ಹೆಯ ನವಗಾಂವದ ಸುತ್ತಲಿನ ‘ಗಾಂಜಾ ಮಹಾಲ’ವು ಆ ಬೆಳೆಗೆ ಪ್ರಸಿದ್ಧವಾಗಿತ್ತು. ೧೮೭೭ರಲ್ಲಿ ಹೇಮಚಂದ್ರ ಕೇರನೂ ೧೮೯೩ರಲ್ಲಿ ಡೇವಿಡ್ ಪ್ರೇನನೂ ಅಲ್ಲಿಯ ಒಕ್ಕಲುತನವನ್ನು ವಿವರವಾಗಿ ಬರೆದರು. ನೆರಳಿಲ್ಲದ, ಎತ್ತರದ, ಹಗುರ ಮಣ್ಣಿನ ನೆಲವನ್ನು ಆರಿಸುವದು. ಅದನ್ನು ಹಲವು ಸಲ ಉತ್ತು ಪುಡಿ ಮಾಡುವದು. ಸೆಗಣಿ ಗೊಬ್ಬರ, ಹಿಂಡಿಗಳನ್ನು ಕೊಡುವದು. ಬೇರೆ ಮಡಿಯಲ್ಲಿ ಬೆಳೆಯಿಸಿದ ಸಸಿಯನ್ನು ಮಳೆಗಾಲದ ಕೊನೆಗೆ ತಂದು ನಡುವದು. ಹೂವಿನ ಕಾಲಕ್ಕೆ ‘ಪೋದ್ದಾರ’ನೆಂಬ ಪರೀಕ್ಷಕನು ಬರುವನು. ಅವನು ಹೊಲದಲ್ಲಿ ಅಡ್ಡಾಡಿ, ಗಂಡು ಗಿಡವೆಂದು ಕಂಡದ್ದನ್ನೆಲ್ಲ ಮುರಿಯುವನು. ಒಕ್ಕಲಿಗನು ಅವನ ಹಿಂದೆ ಬಂದು ಅವುಗಳನ್ನು ಕೀಳುವನು. ಒಂದೆರಡು ಗಂಡು ಉಳಿದರೂ ಹೂವೆಲ್ಲ ಬೀಜವಾಗಿ ಬೆಲೆ ಕೆಡುವದು. ಇಂಗ್ಲಿಷರು ಈ ಪೋದ್ದಾರನನ್ನು ‘ಗಾಂಜಾ ಡಾಕ್ಟರ’ನೆಂದು ಕರೆದರು.

ಇದರಿಂದ ಒಂದು ಮಾತು ಗೊತ್ತಾಗುವದು. ಗಾಂಜೆಯು ಕಾಡಿನಿಂದ ತಾನಾಗಿ ಬಂದುದಲ್ಲ. ಅದು ಒಕ್ಕಲುತನದ ನಿರ್ಮಾಣವು. ಮಣ್ಣಿನ ಆಯ್ಕೆ, ಗೊಬ್ಬರ, ಗಂಡು ಹೆಣ್ಣುಗಳ ಬೇರ್ಪಡಿಕೆ ಇವೆಲ್ಲ ಕೂಡಿದಾಗಲೇ ಆ ಗಿಡದ ಮದವು ಪೂರ್ಣವಾಗುವದು. ಆದುದರಿಂದ ಅದನ್ನು ಬೆಳೆಯುವವನು ಬರಿಯ ಗಿಡವನ್ನು ಸಾಕುತ್ತೇನೆಂದು ಹೇಳಿಕೊಳ್ಳುವಂತಿಲ್ಲ.

ಆಯೋಗದ ಪರಿಶೋಧನೆ

ಇಂಗ್ಲೆಂಡಿನ ಮದ್ಯಪಾನವಿರೋಧಿಗಳು ಹಿಂದುಸ್ತಾನದ ಗಾಂಜೆಯ ವಿಷಯವನ್ನು ೧೮೯೩ರ ಮಾರ್ಚಿಯಲ್ಲಿ ಪಾರ್ಲಿಮೆಂಟಿನಲ್ಲಿ ಎತ್ತಿದರು. ಹುಚ್ಚರ ಆಸ್ಪತ್ರೆಗಳು ಗಾಂಜೆ ಸೇದುವವರಿಂದ ತುಂಬಿವೆಯೆಂಬುದು ಆಗಿನ ಸಾಮಾನ್ಯ ನಂಬಿಗೆ. ಅದೇ ವರುಷ ಜುಲೈಯಲ್ಲಿ ಹಿಂದುಸ್ತಾನ ಸರಕಾರವು ಏಳು ಜನರ ಒಂದು ಆಯೋಗವನ್ನು ನೇಮಿಸಿತು. ಮ್ಯಾಕ್‌ವರ್ಥ್ ಯಂಗ್ ಅಧ್ಯಕ್ಷನು. ಏಳರಲ್ಲಿ ಮೂವರು ಹಿಂದೀ ಜನರಿದ್ದರು. ಆಯೋಗವು ಪ್ರಾಂತಪ್ರಾಂತಗಳಲ್ಲಿ ಸಂಚರಿಸಿ ೧೧೯೩ ಸಾಕ್ಷಿಗಳನ್ನು ವಿಚಾರಿಸಿತು. ೧೮೯೪ರಲ್ಲಿ ವರದಿಯು ಸಿದ್ಧವಾಯಿತು.

ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಹೆಯಲ್ಲಿದ್ದವು. ಇಲಕಲ್ಲು ಆಗ ಹುನಗುಂದ ತಾಲೂಕಿನ ಊರಾಗಿತ್ತು. ೧೮೮೫ರ ವರೆಗೆ ಜಿಲ್ಹೆಯ ಮುಖ್ಯ ಸ್ಥಳವು ಬಾಗಲಕೋಟೆಯ ಹತ್ತಿರದ ಕಲಾದಗಿಯೇ ಆಗಿತ್ತು. ಇಲಾಖೆಯಲ್ಲಿ ಈ ಬೆಳೆಯು ಹೆಚ್ಚಾಗಿ ಅಹಮದನಗರದ ಕಡೆಗೆ ಇತ್ತು. ೧೮೭೮ರ ಮುಂಬಯಿ ಅಬಕಾರಿ ಕಾಯದೆಯು ಮದ್ಯದೊಡನೆ ಈ ಮಾದಕ ಪದಾರ್ಥಗಳನ್ನೂ ಸರಕಾರದ ಅಂಕೆಗೆ ತಂದಿತ್ತು. ಅಂದರೆ ಕರ ಕೊಟ್ಟು ಪರವಾನಿಗೆ ಪಡೆದವನಿಗೆ ಅದು ವ್ಯಾಪಾರ, ಇಲ್ಲದವನಿಗೆ ಅಪರಾಧ. ಗಿಡವನ್ನು ಗುಣದಿಂದ ಅಳೆಯುವದಕ್ಕಿಂತ ಮೊದಲು ಅಂದಿನ ಸರಕಾರವು ಹುಟ್ಟುವಳಿಯಿಂದ ಅಳೆಯಿತು.

ಆಯೋಗವು ಮಾಡಿದ ಅತ್ಯಂತ ಶ್ಲಾಘ್ಯವಾದ ಕೆಲಸವೆಂದರೆ ಹುಚ್ಚರ ಆಸ್ಪತ್ರೆಗಳ ದಫ್ತರಗಳ ತಪಾಸಣೆ. ಅಂಥ ಒಂದು ಆಸ್ಪತ್ರೆಯು ಧಾರವಾಡದಲ್ಲಿಯೂ ೧೮೪೫ರಿಂದ ಇತ್ತು. ೧೮೯೨ರಲ್ಲಿ ಹಿಂದುಸ್ತಾನದ ಆಸ್ಪತ್ರೆಗಳನ್ನು ಸೇರಿದವರು ೧೩೪೪ ಜನ. ಅವರಲ್ಲಿ ೨೨೨ ಜನರ ಹುಚ್ಚಿಗೆ ಭಂಗಿ ಗಾಂಜೆಗಳೇ ಕಾರಣವೆಂದು ಬರೆದಿತ್ತು. ಆಯೋಗದವರು ಒಬ್ಬೊಬ್ಬ ರೋಗಿಯ ಪೂರ್ವವೃತ್ತಾಂತವನ್ನು ಊರಿನ ವರೆಗೆ ಹೋಗಿ ವಿಚಾರಿಸಿದಾಗ ೯೮ ಜನರ ವಿಷಯದಲ್ಲಿ ಮಾತ್ರ ಅದು ನಿಂತಿತು. ಆ ೯೮ರಲ್ಲಿಯೂ ೩೭ ಜನರಿಗೆ ಬೇರೆ ಕಾರಣಗಳು ಕೂಡಿದ್ದವು. ಉಳಿದ ನೂರಿಪ್ಪತ್ತಕ್ಕೂ ಹೆಚ್ಚು ಜನರ ಹೆಸರಿನ ಮುಂದೆ ಗಾಂಜೆಯೆಂದು ಬರೆದದ್ದು, ಕಾರಣದ ಮನೆಯನ್ನು ಬರಿದಾಗಿ ಬಿಡಬಾರದೆಂಬ ಗುಮಾಸ್ತಿಕೆಯ ರೂಢಿಯಿಂದ. ಕಾಗದದ ಮೇಲಿನ ಒಂದು ಶಬ್ದವು ಒಬ್ಬ ಮನುಷ್ಯನ ದುಃಖದ ನಿಜವಾದ ಕಾರಣವನ್ನು ಹೇಗೆ ಮುಚ್ಚಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳವು.

ಮಿತವಾದ ಸೇವನೆಯಿಂದ ಹೇಳುವಂಥ ಹಾನಿ ಕಂಡುಬರುವದಿಲ್ಲ, ಅತಿಯಾದುದರಿಂದ ಹಾನಿಯುಂಟು, ಸಂಪೂರ್ಣ ನಿಷೇಧವು ಬೇಡ, ಕರವನ್ನೂ ಅಂಕೆಯನ್ನೂ ಬಿಗಿಗೊಳಿಸಬೇಕು ಎಂಬುದು ಆಯೋಗದ ತೀರ್ಪು. ಇದನ್ನು ಇಂದು ಓದುವವರು ಎರಡು ಸಂಗತಿಗಳನ್ನು ಮರೆಯಬಾರದು. ಆಯೋಗದ ಮುಂದಿದ್ದುದು ಹಳ್ಳಿಯ ಸಾಧುಗಳ, ಕೂಲಿಯವರ, ಮುದುಕರ ಬಳಕೆ. ಇಂದಿನ ಕೆಲವು ತಳಿಗಳ ಮದವು ಅಂದಿನದಕ್ಕಿಂತ ಬಹಳ ಹೆಚ್ಚಿನದು. ಎಳೆಯ ವಯಸ್ಸಿನಲ್ಲಿ ಪದೇಪದೇ ಸೇವಿಸಿದವರಲ್ಲಿ ಚಿತ್ತವಿಕಾರದ ಸಂಭವವು ಹೆಚ್ಚೆಂದು ಈಚಿನ ವೈದ್ಯಶಾಸ್ತ್ರವು ಕಂಡುಕೊಂಡಿದೆ. ಹಾಗೆಂದು ಆಯೋಗದ ಪ್ರಾಮಾಣಿಕತೆಯನ್ನು ಅಲ್ಲಗಳೆಯಬೇಕಾಗಿಲ್ಲ. ಅಂಜಿಕೆಯನ್ನು ಅಂಕಿಗಳಿಂದ ಪರೀಕ್ಷಿಸುವ ಧೈರ್ಯವನ್ನು ಅದು ತೋರಿಸಿತು.

ಹಗಲಿನ ಉದ್ದವೂ ಕಾಯದೆಯ ಉದ್ದವೂ

ಗಿಡದ ಶಾಸ್ತ್ರದಲ್ಲಿ ಇನ್ನೊಂದು ಶೋಧವು ಭಂಗಿಯಿಂದಲೇ ಆಯಿತು. ಫ್ರಾನ್ಸಿನ ಜೂಲಿಯೆನ್ ತುರ್ನುವಾ ಎಂಬ ತರುಣನು ಭಂಗಿಯನ್ನು ದಿನಕ್ಕೆ ಕೆಲವೇ ತಾಸು ಬೆಳಕಿನಲ್ಲಿಟ್ಟು ಬೆಳೆಯಿಸಿ, ಹಗಲು ಕಿರಿದಾದರೆ ಅದು ಎಳೆಯ ವಯಸ್ಸಿನಲ್ಲಿಯೇ ಹೂ ಬಿಡುವದೆಂದು ೧೯೧೨ರಲ್ಲಿ ಪ್ರಕಟಿಸಿದನು. ಎರಡು ವರುಷಗಳಲ್ಲಿ ಅವನು ಮಹಾಯುದ್ಧದಲ್ಲಿ ಮಡಿದನು. ಹೂವಿನ ಕಾಲವನ್ನು ಹಗಲು ರಾತ್ರಿಗಳ ಪ್ರಮಾಣವು ನಡೆಯಿಸುವದೆಂಬ ಮಹತ್ತ್ವದ ತತ್ತ್ವಕ್ಕೆ ಇದು ನಾಂದಿಯಾಯಿತು. ಮುಂದೆ ಪಟ್ಟಣದ ಮನೆಗಳಲ್ಲಿ ದೀಪದ ಕೆಳಗೆ ಈ ಗಿಡವನ್ನು ಬೆಳೆಯುವವರು ಬಳಸಿಕೊಂಡದ್ದು ಇದೇ ತತ್ತ್ವವನ್ನು. ನಮ್ಮ ಒಕ್ಕಲಿಗರೂ ಇದನ್ನು ಹೆಸರಿಲ್ಲದೆ ಬಲ್ಲರು. ಪುಂಡಿಯೂ ಕಿರಿಹಗಲಿಗೆ ಹೂ ಬಿಡುವ ಗಿಡವೇ. ಮುಂಗಾರಿನ ಮೊದಲ ಹದಕ್ಕೆ ಬಿತ್ತಿದರೆ ಅದು ಆಳೆತ್ತರ ಮೀರಿ ಬೆಳೆಯುವದು. ತಡೆದು ಬಿತ್ತಿದರೆ ಗಿಡ್ಡಾಗಿಯೇ ಹೂವಾಗಿ ನಾರು ಕೆಡುವದು.

ಕಾಯದೆಯು ಈ ನಡುವೆ ಮೆಲ್ಲಮೆಲ್ಲನೆ ಬಿಗಿಯಾಗುತ್ತ ಬಂದಿತು. ೧೯೩೦ರಲ್ಲಿ ಅಪಾಯಕರ ಮಾದಕಗಳ ಕಾಯದೆ ಬಂದಿತು. ೧೯೪೯ರಲ್ಲಿ ಮುಂಬಯಿ ಪಾನನಿಷೇಧ ಕಾಯದೆಯಾಯಿತು. ೧೯೫೬ರಲ್ಲಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ೧೯೬೧ರ ಅಂತರರಾಷ್ಟ್ರೀಯ ಒಡಂಬಡಿಕೆಯು ಹಳೆಯ ರೂಢಿಗಳನ್ನು ನಿಲ್ಲಿಸಲು ಇಪ್ಪತ್ತೈದು ವರುಷಗಳ ಅವಧಿಯನ್ನು ಕೊಟ್ಟಿತ್ತು. ಆ ಅವಧಿ ತೀರುವ ಮುನ್ನ, ೧೯೮೫ರ ನವೆಂಬರದಲ್ಲಿ, ಭಾರತದಾದ್ಯಂತ ಮಾದಕ ದ್ರವ್ಯಗಳ ಈಗಿನ ಕಾಯದೆಯು ಜಾರಿಗೆ ಬಂದಿತು.

ಈ ಕಾಯದೆಯ ಶಬ್ದಗಳನ್ನು ಸಾವಧಾನವಾಗಿ ಓದಬೇಕು. ಗಾಂಜೆಯೆಂದರೆ ಹೂವಿನ ಇಲ್ಲವೆ ಕಾಯಿಯ ತೆನೆ. ತೆನೆಯೊಡನೆ ಕೂಡಿರದ ಬೀಜ, ಎಲೆಗಳು ಆ ಅರ್ಥದಲ್ಲಿ ಬರುವದಿಲ್ಲ. ಆದುದರಿಂದಲೇ ಕೆಲವು ರಾಜ್ಯಗಳಲ್ಲಿ ಎಲೆಯ ಭಂಗಿಯನ್ನು ಆಯಾ ರಾಜ್ಯದ ನಿಯಮದಂತೆ ಮಾರುವರು. ಇದನ್ನು ಅರ್ಧ ಕೇಳಿದವರು ಮನೆಯಲ್ಲಿ ಗಿಡವನ್ನಿಡುವದಕ್ಕೆ ಅಡ್ಡಿಯಿಲ್ಲವೆಂದು ಭ್ರಮಿಸುವರು. ಆದರೆ ಗಿಡವನ್ನು ಬೆಳೆಯುವದನ್ನು ಬೇರೆಯೊಂದು ಕಲಮು ನಿಷೇಧಿಸಿದೆ. ಅಲ್ಲಿ ಹೊಲ, ಕುಂಡ ಎಂಬ ಭೇದವಿಲ್ಲ. ಇಷ್ಟು ಗಿಡಗಳ ವರೆಗೆ ಮಾಫಿ ಎಂಬ ಮಾತೂ ಇಲ್ಲ. ಪರವಾನಿಗೆಯಿಲ್ಲದೆ ಬೆಳೆದವನಿಗೆ ಹತ್ತು ವರುಷಗಳ ವರೆಗೆ ಕಠಿಣ ಶಿಕ್ಷೆಯೂ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವೂ ಆಗಬಹುದು. ನಾರು, ಬೀಜಗಳಿಗಾಗಿ ಇಲ್ಲವೆ ತೋಟಗಾರಿಕೆಗಾಗಿ ಸರಕಾರವು ಅನುಜ್ಞೆ ಕೊಡಬಹುದೆಂದು ಹದಿನಾಲ್ಕನೆಯ ಕಲಮಿನಲ್ಲಿ ಒಂದು ಬಾಗಿಲನ್ನು ತೆರೆದಿಟ್ಟಿದೆ. ಉತ್ತರಾಖಂಡವು ಅದರ ಮೇರೆಗೆ ಮದವಿಲ್ಲದ ನಾರಿನ ತಳಿಗೆ ಪರವಾನಿಗೆ ಕೊಟ್ಟಿದೆ. ೨೦೨೧ರಲ್ಲಿ ಅಂಥ ಬೀಜವೂ ಅದರ ಎಣ್ಣೆಯೂ ಆಹಾರವೆಂದು ಅಂಗೀಕಾರವನ್ನು ಪಡೆದವು. ಆದರೆ ಆ ಬಾಗಿಲಿನ ಕೀಲಿಕೈ ಸರಕಾರದ ಹತ್ತಿರವಿದೆ. ಕುಂಡವಿಟ್ಟ ತರುಣನ ಹತ್ತಿರವಿಲ್ಲ.

ಇದರಲ್ಲಿ ಒಂದು ವಿಷಾದವೂ ಉಂಟು. ಉತ್ತರ ಕರ್ನಾಟಕದ ಅವಧೂತ, ಆರೂಢ ಸಂಪ್ರದಾಯದ ಕೆಲವು ಗುಡಿ ಮಠಗಳಲ್ಲಿ ಭಂಗಿಯ ಸೊಪ್ಪು ಏಕಾಗ್ರತೆಯ ಸಾಧನವೆಂತಲೂ ಪ್ರಸಾದವೆಂತಲೂ ನಡೆದುಬಂದಿತ್ತು. ಅಲ್ಲಿ ಅದಕ್ಕೆ ಕಾಲವಿತ್ತು, ಮಿತಿಯಿತ್ತು, ನೋಡುವ ಗುರುವಿದ್ದನು. ಕಾಯದೆಯು ರೂಢಿಯನ್ನು ನಿಲ್ಲಿಸುವಾಗ ರೂಢಿಯೊಳಗಿನ ಮಿತಿಯೂ ಹೋಗುವದು. ಗಿಡವಂತೂ ಹೋಗಲಿಲ್ಲ, ಗುರುವಿಲ್ಲದ ಕೋಣೆಗೆ ಬಂದಿತು.

ಮನೆಯ ಗಿಡ

ಭಂಗಿಯ ಮೇಲೆ ಇಷ್ಟೆಲ್ಲ ವಾದಗಳು ನಡೆಯುತ್ತಿದ್ದಾಗ ಪುಂಡಿಯ ಮೇಲೆ ಯಾವ ಆಯೋಗವೂ ಕೂಡಲಿಲ್ಲ. ಮುಂಗಾರಿನ ಕೂರಿಗೆಯಲ್ಲಿ ಸಜ್ಜೆ ತೊಗರಿಗಳ ಜೊತೆಗೆ ಒಂದು ಸಾಲು, ಇಲ್ಲವೆ ಹೊಲದ ಅಂಚಿಗೆ ಒಂದು ಪಟ್ಟಿ; ಅದಕ್ಕೆ ಬೇರೆ ಗೊಬ್ಬರವಿಲ್ಲ, ಬೇರೆ ನೀರಿಲ್ಲ. ಎಳೆಯದಿದ್ದಾಗ ಹೆಣ್ಣುಮಕ್ಕಳು ಎಲೆ ಕೊಯ್ದು ತರುವರು. ಅದನ್ನು ಕುದಿಸಿ ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿಗಳನ್ನು ಕೂಡಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪುಂಡಿಪಲ್ಯ. ಪುಷ್ಯಮಾಸದಲ್ಲಿ ಬಾದಾಮಿಯ ಬನಶಂಕರಿಯ ಜಾತ್ರೆಗೆ ಹೋದವರು, ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮೊಸರುಗಳನ್ನು ಹೊತ್ತು ತಂದು ಬಡಿಸುವ ಹಳ್ಳಿಯ ಹೆಣ್ಣುಮಕ್ಕಳನ್ನು ಕಾಣದೆ ಬರಲಾರರು.

ಹೂವಾದ ಮೇಲೆ ಪುಂಡಿಯನ್ನು ಕೊಯ್ದು, ಸಿವುಡು ಕಟ್ಟಿ, ಹಳ್ಳದ ಇಲ್ಲವೆ ಕೆರೆಯ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುವರು. ಒಂದೆರಡು ವಾರಗಳಲ್ಲಿ ತೊಗಟೆಯ ಅಂಟು ಕೊಳೆತು ನಾರು ಬಿಡುವದು. ಹೆಚ್ಚು ದಿನ ಬಿಟ್ಟರೆ ನಾರೂ ಕೊಳೆಯುವದು, ಬೇಗ ತೆಗೆದರೆ ತೊಗಟೆ ಬಿಡದು. ಆ ಹದವನ್ನು ಬೆರಳೇ ಬಲ್ಲದು. ಒಣಗಿದ ನಾರಿನಿಂದ ಎತ್ತಿನ ಮೂಗುದಾರ, ಕರುವಿನ ಕಣ್ಣಿ, ಬಾವಿಯ ಹಗ್ಗ, ಬಂಡಿಯ ಮಿಣಿ, ಬೆಣ್ಣೆಯ ಗಡಿಗೆಯ ನೆಲುವು. ಉಳಿದ ಕಟ್ಟಿಗೆಯು ಒಲೆಗೆ. ಇಲಕಲ್ಲಿನ ಮಗ್ಗಕ್ಕೆ ಹತ್ತಿಯೂ ರೇಶಿಮೆಯೂ ಬೇಕು. ಈ ಒರಟು ನಾರು ಅಲ್ಲಿ ಸಲ್ಲದು. ಆದರೆ ಸೀರೆಯ ಗಂಟನ್ನು ಹೊತ್ತು ಸಂತೆಗೆ ಹೋದ ಬಂಡಿಯು ಈ ನಾರಿನ ಬಲದಿಂದಲೇ ನಡೆಯಿತು.

ಸೆಣಬಿನ ಉಪಕಾರವು ಇನ್ನೂ ಮೌನವಾದುದು. ಅದರ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಸೂಕ್ಷ್ಮಜೀವಿಗಳಿರುವವು. ಮುಂಗಾರಿನಲ್ಲಿ ಸೆಣಬನ್ನು ಬಿತ್ತಿ, ಹೂವಾಗುವ ಹೊತ್ತಿಗೆ ಉತ್ತು ಮಣ್ಣಿಗೆ ಕೂಡಿಸಿದರೆ ಹಿಂಗಾರಿಯ ಜೋಳಕ್ಕೆ ಅದೇ ಗೊಬ್ಬರ. ಮಣ್ಣನ್ನು ಗಿಡಕ್ಕಾಗಿ ಆರಿಸುವದು ಒಂದು ವಿದ್ಯೆಯಾದರೆ, ಗಿಡದಿಂದ ಮಣ್ಣನ್ನು ತಿದ್ದುವದು ಅದಕ್ಕಿಂತ ದೊಡ್ಡ ವಿದ್ಯೆಯು.

ಈ ಪರಂಪರೆಯು ಇಂದು ಅಖಂಡವಾಗಿ ಉಳಿದಿಲ್ಲ. ನೈಲಾನಿನ ಹಗ್ಗವು ಪುಂಡಿಯ ನಾರನ್ನು ಕೊಟ್ಟಿಗೆಯಿಂದ ಹೊರಹಾಕಿತು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನೂ ಹೊಳೆಸಾಲಿನ ಎಷ್ಟೋ ಹೊಲಗಳನ್ನೂ ನುಂಗಿತು. ನವನಗರದ ಮನೆಗಳಿಗೆ ಹಿತ್ತಲು ಕಿರಿದಾಯಿತು. ಹಿತ್ತಲಿದ್ದವರು ಕುಂಡಕ್ಕೆ ಬಂದರು. ೨೦೦೮ರಲ್ಲಿ ಅದೇ ಊರಿಗೆ ತೋಟಗಾರಿಕೆಯ ವಿಶ್ವವಿದ್ಯಾಲಯವು ಬಂದುದು ಈ ನಷ್ಟದ ನಡುವೆ ಒಂದು ಸಮಾಧಾನವು.

ತರುಣನು ಕುಂಡದ ಮಣ್ಣಿನ ವಿಷಯವನ್ನು ಕೇಳುವದು ತಪ್ಪಲ್ಲ. ಗಿಡವನ್ನು ಬೆಳೆಯಬೇಕೆಂಬ ಆಶೆಯು ಮನುಷ್ಯನ ಅತಿ ಪ್ರಾಚೀನವಾದ ಆಶೆಗಳಲ್ಲೊಂದು. ಅದನ್ನು ಬೈದು ಅಡಗಿಸುವ ಬದಲು ಹಿರಿಯರು ಈ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಭಂಗಿಯ ಮದವು ಎಷ್ಟು ನಿಜ, ಅದರ ಮೇಲಿನ ಅಪವಾದದಲ್ಲಿ ಎಷ್ಟು ಸುಳ್ಳು, ಕಾಯದೆಯು ಎಷ್ಟು ಕಠಿಣ. ಹೇಳಿದ ಮೇಲೆ ಒಂದು ಹಿಡಿ ಪುಂಡಿಯ ಬೀಜವನ್ನು ಅವನ ಕೈಗೆ ಕೊಡಬಹುದು. ಎರಡು ಪಾಲು ಮಸಾರಿ, ಒಂದು ಪಾಲು ಎರೆ, ಒಂದು ಪಾಲು ಹಳೆಯ ತಿಪ್ಪೆಯ ಗೊಬ್ಬರ; ತಳದಲ್ಲಿ ನೀರು ಬಸಿಯಲು ಒಂದು ತೂತು; ಬಿಸಿಲು ಬೀಳುವ ಒಂದು ಕಿಟಕಿ. ಎಲೆಯ ಬೆರಳುಗಳು ಬಿಚ್ಚಿದಾಗ ಲಿನ್ನೇಯಸನು ಆ ಹೆಸರನ್ನು ಏಕೆ ಇಟ್ಟನೆಂಬುದು ಅವನಿಗೆ ತಾನಾಗಿಯೇ ತಿಳಿದೀತು. ಮುಂದಿನ ತಿಂಗಳು ಮನೆಯವರೆಲ್ಲ ಅದರ ಪಲ್ಯವನ್ನು ಉಣ್ಣಬಹುದು.